ದೋಣಿ ಕಳಿಸುತ್ತಿದ್ದೇನೆ

ಧನಕವಡಿ, ಪುಣೆ
24 ಸೆಪ್ಟೆಂಬರ್ 2025, ಬುಧವಾರ ಬೆಳಿಗ್ಗೆ

ಚೇತನ ಅವರಿಗೆ, ಮಾಧುರಿಯ ನಮಸ್ಕಾರ.

ಹೇಗಿದ್ದೀರಿ? ಗೋವಾದ ಕಡೆ ಮಳೆ ಕಡಿಮೆಯಾಗಿರಬೇಕು, ಸಮುದ್ರ ಮಾತ್ರ ಇನ್ನೂ ಕೆರಳಿಯೇ ಇರುತ್ತದೆ. ಉಪ್ಪುಗಾಳಿಗೆ ನಿಮ್ಮ ಮೊಣಕೈಯ ಇಸುಬು ಹೆಚ್ಚಾಗುತ್ತದೆ, ಮುಲಾಮು ಮರೆಯಬೇಡಿ. ನೆನಪಿಸಲು ಅಲ್ಲಿ ಈಗ ಬೇರೆಯವರಿದ್ದಾರೆ ಎಂದು ಗೊತ್ತು. ಆದರೂ ಗಂಡನಿಗೆ ಕಾಗದ ಎಂದರೆ ಆರೋಗ್ಯ ವಿಚಾರಿಸಿಯೇ ಶುರುಮಾಡಬೇಕು ಎಂದು ನನ್ನ ಅವ್ವ ಕಲಿಸಿದ್ದಾಳೆ, ವಿಚಾರಿಸಿದ್ದೇನೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಅತ್ತೆಯ ಮಂಡಿನೋವು ಹಾಗೆಯೇ ಇದೆ. ನಿಮ್ಮ ತಮ್ಮ ಪ್ರಜ್ವಲನ ವಿಷಯ ಮುಂದೆ ಬರೆಯುತ್ತೇನೆ. ಫೋನಿನಲ್ಲಿ ಕಳಿಸಿದ್ದನ್ನೆಲ್ಲ ನೀವು ಓದುತ್ತೀರಿ, ಉತ್ತರಿಸುವುದಿಲ್ಲ. ಮಾತಾಡಲು ಹೋದರೆ "ಕಸ್ಟಮರ್ ಬಂದ್ರು" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಹೊರಗೆ ರಸ್ತೆಯಲ್ಲಿ ನೀವು ಗೊತ್ತುಮಾಡಿದ ಲಾರಿ ನಿಂತಿದೆ. ಕ್ರೇನಿನವರು ದೋಣಿಗೆ ಬೆಲ್ಟು ಬಿಗಿಯುತ್ತಿದ್ದಾರೆ. ಅವರ ಕೆಲಸ ಮುಗಿಯುವುದರೊಳಗೆ ನನ್ನದೂ ಮುಗಿಯಬೇಕು.

ಕಳೆದ ತಿಂಗಳು ಗಣಪತಿ ಹಬ್ಬಕ್ಕೆ ನೀವು ಬರುತ್ತೀರಿ ಎಂದು ಅತ್ತೆ ಕಾದಿದ್ದರು. ನೀವು ಬರಲಿಲ್ಲ, ಫೋನು ಬಂತು. ಸೀಸನ್ ಶುರುವಾಗುವ ಮೊದಲು ದೋಣಿ ಗೋವಾಕ್ಕೆ ಬೇಕು, ಟ್ಯಾಂಕಿನಲ್ಲಿ ಪೆಟ್ರೋಲು ಇದ್ದರೆ ಲಾರಿಯವರು ಹೇರುವುದಿಲ್ಲ, ಖಾಲಿ ಮಾಡಿಸಿಡಿ ಎಂದಿರಿ. ನಿಮಗೆ ಅದು ಒಂದು ಮಾತು. ಅತ್ತೆಗೆ ಏನು ಎಂದು ನೀವು ಯೋಚಿಸಿದಿರಾ? ಲೋಣಾವಳಾದ ಆಚೆಯ ಜಲಾಶಯದಲ್ಲಿ ಬೋಟಿಂಗ್ ನಿಂತು, ದೋಣಿಯನ್ನು ಮನೆಯ ಹಿಂದೆ ತಗಡಿನ ಕೆಳಗೆ ತಂದಿಟ್ಟು, "ಒಂದು ಸೀಸನ್ ಗೋವಾದಲ್ಲಿ ಕೆಲಸ ಮಾಡಿ ಬರ್ತೇನೆ" ಎಂದು ನೀವು ಹೋದ ದಿನದಿಂದ ಅತ್ತೆ ಆ ದೋಣಿಯನ್ನು ನಿಮ್ಮ ಬದಲಿಗೆ ಇಟ್ಟುಕೊಂಡಿದ್ದರು. ಸಂಜೆಯಾದರೆ ದೇವರಿಗೆ ಹಚ್ಚಿದ ದೀಪದಿಂದಲೇ ಇನ್ನೊಂದನ್ನು ಹಚ್ಚಿ ದೋಣಿಯ ಮೂತಿಯ ಮೇಲೆ ಇಡುತ್ತಿದ್ದರು. "ಅತ್ತಿ, ಅದರಾಗ ಪೆಟ್ರೋಲ್ ಅದ, ಅಲ್ಲಿ ದೀಪ ಇಡಬ್ಯಾಡ್ರಿ" ಎಂದು ನಾನು ಎಷ್ಟು ಹೇಳಿದರೂ, "ದೋಣಿ ಇಲ್ಲಿ ಉಂಟು ಅಂದ್ರೆ ಅವನು ಬರ್ತಾನೆ ಅಂತ ಅರ್ಥ. ನಿನಗೆ ಅದೆಲ್ಲ ಗೊತ್ತಾಗುದಿಲ್ಲ" ಎನ್ನುತ್ತಿದ್ದರು. ನಾನು ಭೋಸರಿಯ ಬಣ್ಣದ ಕಾರ್ಖಾನೆಯಲ್ಲಿ ಸುರಕ್ಷತಾ ವಿಭಾಗದವಳು. ದಿನವಿಡೀ ಥಿನ್ನರಿನ ಡ್ರಮ್ಮುಗಳ ಹತ್ತಿರ ಯಾರೂ ಬೆಂಕಿ ತರದಂತೆ ಕಾಯುವವಳು, ಮನೆಗೆ ಬಂದು ಕತ್ತಲಾಗುವ ಮೊದಲು ಕದ್ದು ಆ ದೀಪವನ್ನು ತುಳಸಿಕಟ್ಟೆಗೆ ಸಾಗಿಸುತ್ತಿದ್ದೆ. ಮರುದಿನ ಅದು ಮತ್ತೆ ದೋಣಿಯ ಮೇಲೇ ಇರುತ್ತಿತ್ತು.

ಈ ಮಳೆಗಾಲದಲ್ಲಿ ವಾಸನೆ ಹೆಚ್ಚಾಯಿತು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ರಬ್ಬರಿನ ಪೈಪು ಒಣಗಿ ಬಿರಿದಿತ್ತು. ಹಳೆಯ ಪೆಟ್ರೋಲಿಗೆ ಪೆಟ್ರೋಲಿನ ವಾಸನೆ ಇರುವುದಿಲ್ಲ, ಕೊಳೆತ ವಾರ್ನಿಶಿನಂಥ ಹುಳಿ ವಾಸನೆ. ಹತ್ತು ಹೆಜ್ಜೆ ಆಚೆ ನಮ್ಮ ಹೋಟೆಲಿನ ಅಡುಗೆಮನೆ, ಅಲ್ಲಿ ಬೆಳಗಿನಿಂದ ಗ್ಯಾಸು ಉರಿಯುತ್ತದೆ. ನಾನು ಪ್ರಜ್ವಲನಿಗೆ ಹೇಳಿದೆ, ಭಾನುವಾರದವರೆಗೆ ಯಾರೂ ಮುಟ್ಟಬೇಡಿ, ಕಾರ್ಖಾನೆಯಿಂದ ಕೈಪಂಪು, ಲೋಹದ ಕ್ಯಾನು ಕೇಳಿ ತರುತ್ತೇನೆ ಎಂದು. ಅವನು ಒಪ್ಪಿದ್ದ. ನಿಮಗೆ ಕಾಯಲಾಗಲಿಲ್ಲ. ನೀವು ಅವನಿಗೆ ಫೋನು ಮಾಡಿದಿರಿ. ಏನಂದಿರಿ ಎಂದು ಅವನು ಆಸ್ಪತ್ರೆಯಲ್ಲಿ ಮಾಸ್ಕ್ ಸರಿಸಿ ನನಗೆ ಹೇಳಿದ. "ಪೈಪ್ ಹಾಕಿ ಬಾಯಲ್ಲಿ ಎಳಿ ಮಾರಾಯ, ಎಂತ ಆಗುದಿಲ್ಲ. ನಾನು ಎಷ್ಟು ಸಲ ಮಾಡ್ಲಿಲ್ಲ? ಮಾಧುರಿ ಫ್ಯಾಕ್ಟರಿಯ ಪಾಠ ಹೇಳ್ತಾಳೆ, ಅದನ್ನೆಲ್ಲ ಕೇಳ್ಬೇಡ." ಇದೇ ಅಲ್ಲವೇ ನಿಮ್ಮ ಮಾತು? ಅಣ್ಣ ಹೇಳಿದ ಮೇಲೆ ಅವನಿಗೆ ಬೇರೆ ಮಾತಿಲ್ಲ. ಮಾವ ತೀರಿಕೊಂಡ ಮೇಲೆ ಹೋಟೆಲಿನ ಗಲ್ಲಾದಲ್ಲಿ ಕೂತವನು ಅವನಾದರೂ, ಮನಸ್ಸಿನಲ್ಲಿ ಅವನಿನ್ನೂ ನಿಮ್ಮ ಹಿಂದೆ ಸ್ಕೂಟರಿನಲ್ಲಿ ಕೂತವನೇ.

ಅವನು ಹಾಗೆ ಎಳೆಯಲು ಹೋದ ದಿನ ಮಧ್ಯಾಹ್ನ ನಾನು ರಜೆಯಲ್ಲಿ ಮನೆಯಲ್ಲೇ ಇದ್ದೆ, ಅದೊಂದು ಪುಣ್ಯ. ಕೆಮ್ಮಿನ ಸದ್ದು ಕೇಳಿ ಹಿಂದಕ್ಕೆ ಓಡಿದೆ. ಪ್ರಜ್ವಲ ನೆಲದ ಮೇಲೆ ಮೊಣಕಾಲೂರಿದ್ದ, ಕಣ್ಣು ಮೇಲಕ್ಕೆ ಹೋಗಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ಪೈಪು ಪಕ್ಕದಲ್ಲಿ ಬಿದ್ದು ಅಂಗಳಕ್ಕೆ ಪೆಟ್ರೋಲು ಹರಿಯುತ್ತಿತ್ತು. ಎಳೆದದ್ದು ಬಾಯಿಗೆ ಬಂದು, ಬೆಚ್ಚಿ ಉಸಿರೆಳೆದಾಗ ಎದೆಗೆ ಇಳಿದಿತ್ತು. ಪಕ್ಕದ ಮನೆಯ ಮಹದೇವಮ್ಮ ಚೊಂಬು ಹಿಡಿದು ಓಡಿಬಂದರು, "ಉಪ್ಪಿನ ನೀರು ಕುಡಸ್ರೀ, ವಾಂತಿ ಆಗ್ಲಿ, ಎಲ್ಲಾ ಹೊರಗ ಬರ್ತದ!" ಅತ್ತೆ ಅವನ ಬಾಯಿ ತೆರೆಸುತ್ತಿದ್ದರು. ನಾನು ಆ ಚೊಂಬನ್ನು ಕೈಯಿಂದ ಹೊಡೆದು ಕೆಡವಿದೆ. ವಾಂತಿಯಾದರೆ ಪೆಟ್ರೋಲು ಎರಡನೇ ಸಲ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ವಿವರಿಸುವ ಹೊತ್ತು ಅದಾಗಿರಲಿಲ್ಲ. ಅತ್ತೆ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ, ನಾನೇ ಅವರ ಮಗನನ್ನು ಕೊಲ್ಲುತ್ತಿದ್ದೇನೆ ಎಂಬಂತೆ. ಪೈಪನ್ನು ಎತ್ತಿ ಕಟ್ಟಿ, ಅಡುಗೆಮನೆಯ ಗ್ಯಾಸು ಆರಿಸಲು ಕೂಗಿ ಹೇಳಿ, ಚೆಲ್ಲಿದ್ದರ ಮೇಲೆ ಮರಳು ಸುರಿಸಿ, ಅವನ ಅಂಗಿ ಕಿತ್ತೆಸೆದು ರಿಕ್ಷಾಕ್ಕೆ ಹಾಕಿದೆವು. ರಿಕ್ಷಾದವನು ವಾಸನೆಗೆ ತಿರುಗಿ ನೋಡಿ, "ಕಾಯ್ ಝಾಲಂ ತಾಯಿ, ಜಾಳೂನ್ ಘೇತಲಂ ಕಾ?" ಎಂದ. ಮೈಗೆ ಬೆಂಕಿ ಹಚ್ಚಿಕೊಂಡನೇ ಎಂದು ಅವನ ಅನುಮಾನ. ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತದೆ ಎಂದು ಆ ಕ್ಷಣ ನನಗೆ ಬೇಸರವಾಯಿತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಎದೆಯ ಎಕ್ಸ್‌ರೇ ನೋಡಿ ಡಾಕ್ಟರು, ಬಲಗಡೆಯ ಶ್ವಾಸಕೋಶ ಊದಿಕೊಂಡಿದೆ, ಜ್ವರ ಬರುತ್ತದೆ, ಈಗಲೇ ಏನೂ ಹೇಳಲಾಗದು ಎಂದರು. ಸಂಜೆ ನಿಮಗೆ ಫೋನು ಮಾಡಿದೆ. ವಾರ್ಡಿನ ಹೊರಗೆ ಗದ್ದಲವಿತ್ತು, ಕೇಳಿಸುತ್ತಿರಲಿಲ್ಲ, ಸ್ಪೀಕರಿಗೆ ಹಾಕಿದೆ. ಅತ್ತೆ ನನ್ನ ಭುಜಕ್ಕೆ ತಾಗಿಯೇ ಕೂತಿದ್ದರು. ಪ್ರಜ್ವಲ ಪೆಟ್ರೋಲು ಎಳೆಯಲು ಹೋಗಿ ಆಸ್ಪತ್ರೆಯಲ್ಲಿದ್ದಾನೆ ಎಂದೆ. ನಾನು ನಿಮ್ಮ ಎದೆ ಒಡೆದಿರಬೇಕು ಎಂದುಕೊಂಡೆ. ನೀವು ಮೊದಲು ಕೇಳಿದ್ದು, "ದೋಣಿ ಮೇಲೆ ಚೆಲ್ಲಿತಾ? ಪೇಂಟ್ ಎದ್ದು ಹೋಗ್ತದೆ ಅದು."

ಪ್ರಜ್ವಲ ಹೇಗಿದ್ದಾನೆ ಎಂದೂ ಕೇಳಿದಿರಿ, ಇಲ್ಲವೆನ್ನುವುದಿಲ್ಲ. ಆದರೆ ಆಮೇಲೆ ಕೇಳಿದಿರಿ. ಬರಲಾಗುವುದಿಲ್ಲ, ಜೆಟ್ಟಿಯ ಪರ್ಮಿಷನ್ನಿನ ಓಡಾಟ ಇದೆ ಎಂದಿರಿ. ಹಿಂದಿನಿಂದ ಒಬ್ಬ ಹೆಣ್ಣುಮಗಳು ನಿಮ್ಮನ್ನು ಊಟಕ್ಕೆ ಕರೆದಳು, ಹೆಸರು ಹಿಡಿದು, ತುಂಬ ಸಲುಗೆಯಿಂದ. ನನಗೆ ಹೊಸದಲ್ಲ, ಎರಡು ವರ್ಷದಿಂದ ಬಲ್ಲೆ. ಅತ್ತೆಗೆ ಮಾತ್ರ ಹೇಳಿರಲಿಲ್ಲ. ಅವರು ಫೋನನ್ನೇ ನೋಡುತ್ತ ಕೂತಿದ್ದರು. ನೀವು ಇಟ್ಟ ಮೇಲೆ, "ಪ್ರಜ್ವಲನಿಗೆ ಗಂಜಿ ಕೊಡ್ಬಹುದಾ, ಕೇಳು" ಎಂದರು, ಅಷ್ಟೇ. ಮರುದಿನ ಬಟ್ಟೆ ತರಲು ಮನೆಗೆ ಹೋದವರು ದೀಪವನ್ನು ದೋಣಿಯ ಮೇಲೆ ಇಡಲಿಲ್ಲ. ಟ್ಯಾಂಕಿನ ಮುಚ್ಚಳದ ಬೀಗದಕೈಯನ್ನು ತಂದು ನನ್ನ ಮುಂದಿಟ್ಟು ಹೇಳಿದರು, "ನಿನಗೆ ಸರಿಯಾಗಿ ಬರ್ತದಲ್ಲ, ನೀನೇ ಖಾಲಿ ಮಾಡು. ಹೋಗ್ಲಿ ಅದು."

ಹಾಗಾಗಿ ಕಳೆದ ಭಾನುವಾರ ಖಾಲಿ ಮಾಡಿದೆವು. ನಮ್ಮ ಕಾರ್ಖಾನೆಯ ಕೆಟ್ಟ ಥಿನ್ನರನ್ನು ವಿಲೇವಾರಿಗೆ ಒಯ್ಯುವ ಗಾಡಿಯ ಗುರಣ್ಣ, ನಮ್ಮ ವಿಜಯಪುರದ ಕಡೆಯವರು, ಬೆಳಿಗ್ಗೆ ತಂಪಿರುವಾಗಲೇ ಬಂದರು. ಅದೇ ಗಾಡಿಯಲ್ಲಿ ಇದನ್ನೂ ಕಳಿಸಲು ಮ್ಯಾನೇಜರರ ಒಪ್ಪಿಗೆ ಪಡೆದಿದ್ದೆ; ಚರಂಡಿಗೆ ಸುರಿಯುವವಳಲ್ಲ ನಾನು. ದೋಣಿಯನ್ನು ಟ್ರೇಲರ್ ಸಮೇತ ಅಡುಗೆಮನೆಯಿಂದ ದೂರ, ಹಿಂದಿನ ಖಾಲಿ ಜಾಗಕ್ಕೆ ತಳ್ಳಿ ಚಕ್ರಕ್ಕೆ ಕಲ್ಲು ಕೊಟ್ಟೆವು. ನೆಲಹಲಗೆಯ ಮುಚ್ಚಳ ತೆಗೆದು ಒಳಗಿನ ಆವಿ ಗಾಳಿಗೆ ಹೋಗುವವರೆಗೆ ಕಾದು, ಆಮೇಲೆ ಬ್ಯಾಟರಿ ಬಿಡಿಸಿದೆವು. ಎಲ್ಲರ ಮೊಬೈಲು ಮನೆಯೊಳಗೆ. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಕೈಗೆಟುಕುವಲ್ಲಿ. ಕ್ಯಾನುಗಳು ನೆಲದ ಮೇಲೆ, ಅವಕ್ಕೂ ಟ್ಯಾಂಕಿಗೂ ತಂತಿ ಬಿಗಿದು ಭೂಮಿಗೆ ಇಳಿಸಿದ್ದೆವು, ಕಿಡಿ ಹುಟ್ಟಬಾರದೆಂದು. ಅತ್ತೆ ಒಳಗಿನಿಂದ ಬಂದು ನಿಂತರು. ನೈಲಾನಿನ ಬಟ್ಟೆಯಿಂದ ಕಿಡಿ ಹಾರಬಹುದು ಎಂದು ನಾನು ಎಂದೋ ಅಂದದ್ದು ಅವರ ಕಿವಿಗೆ ಬಿದ್ದಿತ್ತು. "ನಂದು ಹತ್ತಿ ಸೀರೆ. ಎಲ್ಲಿ ನಿಲ್ಬೇಕು ಹೇಳು" ಎಂದರು. ಮರಳಿನ ಬಕೆಟು ಕೊಟ್ಟೆ. ಕೆಲಸ ಮುಗಿಯುವವರೆಗೂ ಮಂಡಿನೋವಿನ ಆ ಹೆಂಗಸು ಅದನ್ನು ಕೆಳಗಿಡಲಿಲ್ಲ. ನಡುವೆ ಯಾರೋ ವಿಡಿಯೋ ಮಾಡಲು ಮೊಬೈಲು ಹಿಡಿದು ಹತ್ತಿರ ಬಂದಾಗ, "ಮಾಗೆ ಸರಕಾ!" ಎಂದು ಗದರಿ ಹಿಂದೆ ಸರಿಸಿದವರೂ ಅವರೇ. ನಾನು ಕೈಪಂಪಿನ ಪೈಪನ್ನು ಕ್ಯಾನಿನ ತಳಕ್ಕೆ ಮುಟ್ಟಿಸಿ ನಿಧಾನವಾಗಿ ಒತ್ತಿದೆ. ಹಾಲಿಲ್ಲದ ಚಹಾದ ಬಣ್ಣದ್ದು ಬಂತು. ಕೊನೆಕೊನೆಗೆ ನೀರು, ಗಸಿ. ಗುರಣ್ಣ ಮುಚ್ಚಳ ಬಿಗಿಯುತ್ತ, "ಇದನ್ನ ಬಾಯಾಗ ಎಳದಾನಂತ್ರೀ? ಯಾರು ಹೇಳಿದ್ರೀ ಅವಗ?" ಎಂದು ಕೇಳಿದರು. ಅತ್ತೆ ಹೇಳಿದರು, "ಅವನ ಅಣ್ಣ."

ಆಗ ನನಗೆ ಅಳು ಬಂತು, ಆದರೆ ಆ ಮಾತಿಗಲ್ಲ. ಮದುವೆಯ ಹೊಸದರಲ್ಲಿ ನೀವು ನನ್ನನ್ನು ಇದೇ ದೋಣಿಯಲ್ಲಿ ಜಲಾಶಯದ ನಡುವೆ ಕರೆದೊಯ್ದು ಎಂಜಿನ್ ಆರಿಸಿದ್ದಿರಿ. ಅಷ್ಟು ನೀರನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹೆದರಿ ನಿಮ್ಮ ತೋಳು ಹಿಡಿದರೆ ನೀವು ನಕ್ಕಿದ್ದಿರಿ. ಖಾಲಿ ಟ್ಯಾಂಕಿನೊಳಗೆ ಬಗ್ಗಿ ನೋಡುತ್ತ, ಅಂದು ನಮ್ಮನ್ನು ದಡಕ್ಕೆ ತಂದದ್ದೂ ಇದರಲ್ಲಿದ್ದ ಪೆಟ್ರೋಲೇ ಅನ್ನಿಸಿತು. ಇರಲಿ, ಆ ನೆನಪೂ ನಿಮ್ಮ ಸಾಮಾನಿನ ಜೊತೆಗೇ ಬರುತ್ತಿದೆ ಎಂದುಕೊಳ್ಳಿ.

ಇನ್ನು ನಾನು ಹೇಳಲೇಬೇಕಾದದ್ದು. ಟ್ಯಾಂಕು ಖಾಲಿಯಾಗಿದ್ದರೂ ಒಳಗೆ ಆವಿ ಇದ್ದೇ ಇರುತ್ತದೆ, ತುಂಬಿದ ಟ್ಯಾಂಕಿಗಿಂತ ಅದೇ ಬೇಗ ಹೊತ್ತಿಕೊಳ್ಳುತ್ತದೆ. ಹತ್ತಿರದಲ್ಲಿ ವೆಲ್ಡಿಂಗ್ ಮಾಡಿಸಬೇಡಿ. ಬಿರಿದ ಪೈಪನ್ನು ಕಿತ್ತೆಸೆದಿದ್ದೇನೆ, ಹೊಸದು ಹಾಕಿಸದೆ ಹನಿ ಪೆಟ್ರೋಲೂ ತುಂಬಬೇಡಿ. ನಿಮ್ಮ ಮೇಲಿನ ಪ್ರೀತಿಯಿಂದ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಅದರಲ್ಲಿ ಕೂರುವವರು ಯಾರೋ ಮಕ್ಕಳುಮರಿ ಕಟ್ಟಿಕೊಂಡು ಬಂದವರು. ಪ್ರಜ್ವಲ ಮನೆಗೆ ಬಂದಿದ್ದಾನೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಒಲೆಯ ಹೊಗೆ ಆಗದು, ಹೋಟೆಲಿಗೆ ಹೋಗಬಾರದು ಎಂದಿದ್ದಾರೆ. ಪೂರ್ತಿ ಸರಿಹೋಗುತ್ತದೋ ಇಲ್ಲವೋ ಡಾಕ್ಟರು ಹೇಳಿಲ್ಲ. "ಅಣ್ಣ ಬೇಕಂತ ಹೇಳಿದ್ದಲ್ಲ ಅತ್ತಿಗೆ" ಎನ್ನುತ್ತಾನೆ. ಅವನು ಹಾಗೆನ್ನುವಾಗ ನಿಮ್ಮ ಮೇಲೆ ಇನ್ನಷ್ಟು ಸಿಟ್ಟು ಬರುತ್ತದೆ.

ದೊಡ್ಡವರ ಆಶೀರ್ವಾದ ತಿಳಿಸಬೇಕಾದ ಜಾಗ ಇದು. ಅತ್ತೆಯನ್ನು ಕೇಳಿದೆ, ಏನು ಬರೆಯಲಿ ಎಂದು. ಅವರು ಸೀರೆ ಮಡಚುತ್ತಲೇ ಇದ್ದರು. ಪ್ರಜ್ವಲ ನಮಸ್ಕಾರ ತಿಳಿಸಲು ಹೇಳಿದ್ದಾನೆ. ದೋಣಿ ಗೀರು ಬೀಳದೆ ತಲುಪಲಿ, ನೀವು ಚೆನ್ನಾಗಿರಿ.

ಮಾಧುರಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಲಾರಿ ಹೊರಟು ನಿಂತಿದೆ. ಅತ್ತೆ ಕೈಚೀಲ ಹಿಡಿದು ಬಂದು ಡ್ರೈವರಿನ ಪಕ್ಕ ಹತ್ತಿ ಕೂತಿದ್ದಾರೆ. ಎಷ್ಟು ಹೇಳಿದರೂ ಇಳಿಯುವುದಿಲ್ಲ. ನಿಮ್ಮ ಜೊತೆ ಇರಲು ಬರುತ್ತಿಲ್ಲವಂತೆ, ನಿಮ್ಮನ್ನು ಕರೆತರಲೂ ಅಲ್ಲವಂತೆ. "ತಮ್ಮ ಬದುಕಿದ್ದಾನಾ ಅಂತ ಮೊದಲು ಯಾಕೆ ಕೇಳ್ಲಿಲ್ಲ, ಅದೊಂದನ್ನು ಅವನ ಮುಖ ನೋಡಿ ಕೇಳ್ತೇನೆ, ಕೇಳಿ ವಾಪಸ್ ಬರ್ತೇನೆ" ಎನ್ನುತ್ತಾರೆ. ಒಬ್ಬರನ್ನೇ ಕಳಿಸಲಾಗದೆ, ದೋಣಿ ಹೇರಲು ಸಹಾಯಕ್ಕೆ ಬಂದಿದ್ದ ಗುರಣ್ಣನವರು ಜೊತೆಗೆ ಹತ್ತಿದ್ದಾರೆ. ಈ ಕಾಗದವನ್ನು ಅತ್ತೆಯ ಕೈಯಲ್ಲೇ ಕೊಡುತ್ತಿದ್ದೇನೆ, ಆದ್ದರಿಂದ ನೀವು ಇದನ್ನು ಓದುವಾಗ ಅವರು ಎದುರಿಗೇ ನಿಂತಿರುತ್ತಾರೆ. ಆ ಹೆಣ್ಣುಮಗಳನ್ನು ಒಳಕೋಣೆಯಲ್ಲಿ ಅಡಗಿಸಬೇಡಿ, ಅವರಿಗೆ ಗೊತ್ತಿದೆ. ಕೂರಲು ಕುರ್ಚಿ ಕೊಡಿ, ಮಂಡಿ ಬಗ್ಗುವುದಿಲ್ಲ. ಆಮೇಲೆ ಉತ್ತರ ಹೇಳಿ. ನನಗೆ ಬೇಡ, ಅವರಿಗೆ ಹೇಳಿ.