ಕೂಡುರಸ್ತೆಯ ಕನ್ನಡಿ

ರಸ್ತೆ ಇಂಜಿನಿಯರ್ ಸಾಹೇಬರಿಗೆ ನಮಸ್ಕಾರ.

ಅಡ್ಡರಸ್ತೆಯ ಗಾಡಿಗಳು ಕಾಣಲೆಂದು ನೀವು ಹಾಕಿಸಿದ ಕನ್ನಡಿಯನ್ನು ದಿನಾ ಯಾರೋ ತಿರುಗಿಸುತ್ತಿದ್ದರು. ಗಾಡಿ ಗುದ್ದಿದರೆ ಲಾಭ ಪಕ್ಕದ ಗ್ಯಾರೇಜಿನವರಿಗೇ ಎಂದು ಅವರ ಮೇಲೆ ದೂರು ಬರೆದಿದ್ದೆ. ನಿನ್ನೆ ಶಾಲೆಯ ವ್ಯಾನು ಕೂದಲೆಳೆಯ ಅಂತರದಲ್ಲಿ ಪಾರಾಯಿತು. ಅವರನ್ನು ಹಿಡಿಯಲೇಬೇಕು, ತಿರುಗಿಸಿದವರಿಗೆ ಸಿಕ್ಕಿಕೊಳ್ಳಲಿ ಎಂದು ಕನ್ನಡಿಗೆ ಸಡಿಲವಾಗಿ ಕೆಂಪು ದಾರ ಕಟ್ಟಿದೆ. ಬೆಳಿಗ್ಗೆ ಆ ದಾರ ಸಿಕ್ಕಿದ್ದು ಅತ್ತೆ ಬಟ್ಟೆ ಒಣಹಾಕುವ ಕೋಲಿನ ತುದಿಯಲ್ಲಿ.

"ಆ ಕನ್ನಡಿ ತಿರುಗಿಸಿಟ್ರೆ ಮನೆ ಕಿಟಕೀಲಿ ಕೂತೇ ಅದರಲ್ಲಿ ನಿನ್ನಂಗಡಿ ಬಾಗಿಲು ಕಾಣುತ್ತೆ. ಗ್ಯಾರೇಜಿನವನು ದಿನಾ ಯಾಕೆ ಬರ್ತಾನೆ ಅಂತ ನೋಡ್ಬೇಡ್ವಾ?" ಎಂದರು ಅತ್ತೆ.

ಹೊಲಿಗೆ ಮೆಷಿನ್‌ನಿಂದ ತಲೆ ಎತ್ತದ ನಾನು ಇವತ್ತೇ ಮೊದಲು ಗ್ಯಾರೇಜಿನವರ ಹಿಂದೆ ಹೋಗಿ ನೋಡಿದೆ. ಅವರು ದಿನಾ ನನ್ನ ಸ್ಟೂಲು ಕೇಳಿ ಒಯ್ಯುವುದು, ತಿರುಗಿದ ಕನ್ನಡಿಯನ್ನು ಸರಿಮಾಡಲು.

ದಯವಿಟ್ಟು ನನ್ನ ದೂರು ಹರಿದುಹಾಕಿ, ಕನ್ನಡಿಗೆ ಬೆಸುಗೆ ಹಾಕಿಸಿ. ಆ ಸ್ಟೂಲನ್ನು ಅತ್ತೆಗೆ ಅಂಗಡಿಯೊಳಗೇ ಹಾಕಿಕೊಟ್ಟಿದ್ದೇನೆ. ಎದುರಿಗೇ ಕೂತು ನೋಡಲಿ.

ಇತಿ,
ಕೂಡುರಸ್ತೆಯ ಟೈಲರ್