ಅರ್ಧ ಕ್ಷೌರ, ಅರ್ಧ ತೀರ್ಪು

ಗುರುವಾರ, ಮಾರ್ಚ್ ೧೨

ಮುದ್ದಿನ ತಂಗೀ,

ನಾನಿಲ್ಲಿ ಗಟ್ಟಿಮುಟ್ಟಾಗಿದ್ದೇನೆ, ನೀನೂ ಮಕ್ಕಳೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಕತ್ತರಿ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ ಎಂಬ ನನ್ನ ಹಳೇ ನೆಪವನ್ನೇ ಈ ಸಲವೂ ಒಪ್ಪಿಕೋ.

ನಿನ್ನ ಭಾವನ ಸಲೂನ್ ಚೆನ್ನಾಗಿ ನಡೆಯುತ್ತಿದೆ. ಹೆಂಗಸಿನ ಕೈಗೆ ಗಡ್ಡ ಕೊಡಲು ಹೆದರುತ್ತಿದ್ದ ಗಂಡಸರೆಲ್ಲ ಈಗ ಸರದಿಗಾಗಿ ಜಗಳವಾಡುತ್ತಾರೆ. ಅವರಿಗೆ ಬೇಕಾದದ್ದು ಕೇಸಿನ ಸುದ್ದಿ. ನಿನ್ನ ಭಾವನನ್ನು ಇದೇ ಅಂಗಡಿಯ ಬಾಗಿಲಲ್ಲಿ ಇರಿದು ಕೊಂದವನು ತಪ್ಪಿತಸ್ಥನೆಂದು ಕೋರ್ಟು ಹೇಳಿ ತಿಂಗಳುಗಳಾದವು, ಶಿಕ್ಷೆ ಮಾತ್ರ ಇನ್ನೂ ಹೇಳಿಲ್ಲ. ಏಕೆಂದು ನೀನೂ ಕೇಳಿದ್ದೀಯ.

ಮೊನ್ನೆ ಪೋಸ್ಟ್‌ಮಾಸ್ತರರು ಕೆನ್ನೆ ತುಂಬ ನೊರೆ ಇಟ್ಟುಕೊಂಡೇ ಗುಡುಗಿದರು: “ಕೊಂದಿದ್ದು ಅವನೇ ಅಂತಾಯ್ತಲ್ಲ, ಇನ್ನೇನು ಮೀನಮೇಷ ಎಣಿಸ್ತಾರೆ?”

ಅರ್ಧ ಗಡ್ಡಕ್ಕೇ ಕತ್ತಿ ನಿಲ್ಲಿಸಿದೆ. ಸರ್ಕಾರಿ ವಕೀಲರು ನನಗೆ ಬಿಡಿಸಿ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಒಪ್ಪಿಸಿದೆ.

“ಮಾಸ್ತರೇ, ಮಾಡಿದ್ದು ಯಾರು ಅನ್ನೋದು ಒಂದು ಪ್ರಶ್ನೆ, ಎಷ್ಟು ಶಿಕ್ಷೆ ಅನ್ನೋದು ಬೇರೆ. ಕತ್ತರಿ ಹಾಕೋ ಮುಂಚೆ ನಾನು ತಲೇನ ಸುತ್ತ ನೋಡಲ್ವಾ? ಒಂದ್ಸಲ ಕತ್ತರಿಸಿದ್ಮೇಲೆ ಅಂಟಿಸೋಕಾಗುತ್ತಾ? ಅವನು ಬೆಳೆದಿದ್ದು ಹೇಗೆ, ಹಿಂದೆ ಏನೇನು ಮಾಡಿದ್ದ, ಬುದ್ಧಿ ನೆಟ್ಟಗಿದೆಯಾ ಅಂತ ವರದಿ ಬರ್ಬೇಕು. ಎರಡೂ ಕಡೆ ವಕೀಲರು ವಾದ ಮಾಡ್ಬೇಕು. ಆತುರದಲ್ಲಿ ಏನಾದ್ರೂ ಬಿಟ್ಟುಹೋದ್ರೆ ಅಪೀಲಲ್ಲಿ ಮತ್ತೆ ಎಳೆದಾಟ.”

“ಸರಿ ತಾಯಿ, ಮೊದ್ಲು ಈ ಕಡೆ ಕೆನ್ನೆಗೂ ತೀರ್ಪು ಕೊಡು,” ಎಂದರು. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಕಳೆದ ಸಲ ಡಾಕ್ಟರ ವರದಿ ಬಂದಿಲ್ಲವೆಂದು ಕೇಸು ಮುಂದಕ್ಕೆ ಹೋಗಿತ್ತು. ಈಗ ಅದೂ ಬಂದಿದೆ. ಬಾಕಿ ಇರುವುದು ಒಂದೇ: ನಿನ್ನ ಭಾವ ಇಲ್ಲದೆ ನಮ್ಮ ಬದುಕು ಏನಾಯಿತೆಂದು ಮನೆಯವರು ಕೋರ್ಟಿನಲ್ಲಿ ಹೇಳಬೇಕು. ಅದಕ್ಕಾಗಿ ಸೋಮವಾರ ಮತ್ತೆ ಮುಂದಕ್ಕೆ ಹೋಯಿತು. ನೀನು ವಕೀಲರಿಗೆ ಶಾಪ ಹಾಕಬೇಡ, ಪಾಪ.

ಮಕ್ಕಳ ಕೂದಲನ್ನು ನೀನೇ ಕತ್ತರಿಸಬೇಡ, ಫೋಟೋ ನೋಡಿ ಗಾಬರಿಯಾದೆ. ರಜೆಗೆ ಕರೆದುಕೊಂಡು ಬಾ, ಸರಿಮಾಡುತ್ತೇನೆ. ಎಲ್ಲರೂ ನೂರು ಕಾಲ ನಗುನಗುತ್ತಾ ಇರಿ.

ನಿನ್ನ ಅಕ್ಕ

ಇನ್ನೊಂದು ಮಾತು: ಸೋಮವಾರ ಕಾಲಾವಕಾಶ ಕೇಳಿದ್ದು ನಾನೇ. ಹೇಳಬೇಕಾದದ್ದೆಲ್ಲ ನನಗೆ ಬಾಯಿಪಾಠವಾಗಿದೆ. ಆದರೆ ಪ್ರತಿ ಸಲವೂ ನ್ಯಾಯಾಧೀಶರು ನಿನ್ನ ಭಾವನ ಹೆಸರನ್ನು ಪೂರ್ತಿಯಾಗಿ, ಗೌರವದಿಂದ ಓದುತ್ತಾರೆ ಕಣೇ. ಅಂಗಡಿಯಲ್ಲಿ ದಿನವಿಡೀ ಕೇಸಿನ ಮಾತೇ, ಆ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ, ನಾನು ನೊಂದುಕೊಳ್ಳುತ್ತೇನೆಂದು. ಶಿಕ್ಷೆ ಹೇಳಿ ಕೇಸು ಮುಗಿಸಿದ ಮೇಲೆ ಅದನ್ನು ಗಟ್ಟಿಯಾಗಿ ಹೇಳುವವರು ಯಾರು?