ಹಿಡಕಲ್ಲಿಗೆ ತಯಾರಾದ ಮೋಟಾರ್ ಸೈಕಲ್ಲು

ಜಡಿಗೇನಹಳ್ಳಿ
೧೬-೫-೧೯೭೪

ಪ್ರೀತಿಯ ಮಗಳು ಭಾಗ್ಯಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನೀನು, ಅಳಿಯಂದಿರು ಕ್ಷೇಮವೇ? ಕಾಲಿನ ಊತ ಇಳಿಯಿತೇ? ಉಪ್ಪು ಕಡಿಮೆ ಮಾಡು. ಬಿಂದಿಗೆ ಹೊರಬೇಡ, ಹಿಡಕಲ್ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ನಲ್ಲಿ ದೂರವಿದ್ದರೆ ಚಿನ್ನಸ್ವಾಮಿಯವರೇ ನೀರು ತಂದುಕೊಡಲಿ, ಅದರಿಂದ ಗಂಡಸಿನ ಮರ್ಯಾದೆಯೇನೂ ಸವೆಯುವುದಿಲ್ಲ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ. ಆದರೆ ನಿನ್ನ ಹತ್ತಿರ ಸುಳ್ಳೇಕೆ? ನನಗೆ ಸುಸ್ತಾಗಿದೆ ಮಗಳೇ.

ರೈಲು ಮುಷ್ಕರ ಶುರುವಾಗುವ ಮುಂಚೆಯೇ ಅಳಿಯಂದಿರ ಕಾರ್ಡು ಬಂತು. ಈ ತಿಂಗಳ ಕೊನೆಗೆ ಹೆರಿಗೆ, ತವರಿಗೆ ಹೋಗುವುದಿಲ್ಲವೆಂದು ಭಾಗ್ಯ ಹಟ ಹಿಡಿದಿದ್ದಾಳೆ, ಸಂಜೆಯಾದರೆ ಒಬ್ಬಳೇ ಅಳುತ್ತಾಳೆ, ನನಗೂ ತಾಯಿಯಿಲ್ಲ, ಏನು ಮಾಡುವುದೋ ತಿಳಿಯದು ಎಂದು ಬರೆದಿದ್ದರು. ನಿಮ್ಮಮ್ಮನಿಗೆ ಕೇಳಲಿ ಎಂದು ಜೋರಾಗಿ ಓದಿದೆ. ಅವಳು ಒಲೆ ಊದುತ್ತಲೇ ಇದ್ದಳು. ನೀನು ತೊಟ್ಟಿಲಲ್ಲಿದ್ದಾಗಲೇ ನಿನ್ನನ್ನು ತನ್ನ ತಮ್ಮನಿಗೆ ಕೊಡುವೆನೆಂದು ಮಾತು ಕೊಟ್ಟವಳು. ನೀನು ಸೋದರಮಾವನನ್ನು ಒಲ್ಲೆನೆಂದು ಚಿನ್ನಸ್ವಾಮಿಯವರನ್ನು ಮದುವೆಯಾದ ಮೇಲೆ ಎರಡು ವರ್ಷದಿಂದ ನಿನ್ನ ಹೆಸರೆತ್ತಿಲ್ಲ. ನೀನೂ ಅವಳ ಮಗಳೇ ತಾನೆ, ಅವಳ ಯೋಗಕ್ಷೇಮ ಕೇಳಿ ಒಂದು ಸಾಲು ಬರೆಯಲಿಲ್ಲ. ನಿಮ್ಮಿಬ್ಬರ ಮಧ್ಯೆ ನಿಂತು ನಿಂತು ನನಗೆ ಸಾಕಾಗಿಹೋಗಿದೆ. ಆದರೂ ಚೊಚ್ಚಲು ಹೆರಿಗೆ, ಹೆತ್ತ ತಾಯಿ ಬದುಕಿದ್ದೂ ಹತ್ತಿರ ಇಲ್ಲ ಅಂತಾಗಬಾರದು. ರೈಲಿಲ್ಲ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ನಿಮ್ಮಮ್ಮನನ್ನು ಹಿಂದೆ ಕೂರಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲೇ ಬಂದುಬಿಡುವುದೆಂದು ತೀರ್ಮಾನಿಸಿದೆ. ಅವಳನ್ನು ಕೇಳಲಿಲ್ಲ. ಮೊದಲು ಗಾಡಿ ತಯಾರಾಗಲಿ ಅಂದುಕೊಂಡೆ.

ರೇಷ್ಮೆ ಇಲಾಖೆಯ ಕೆಲಸಕ್ಕೆ ಹಳ್ಳಿ ಹಳ್ಳಿ ಸುತ್ತಿ ಆ ಗಾಡಿಯೂ ನನ್ನ ಹಾಗೇ ಹಣ್ಣಾಗಿದೆ. ಹೊಸಕೋಟೆಯ ಮೆಕ್ಯಾನಿಕ್ ಸೊಣ್ಣಪ್ಪ ನೋಡಿ, “ಬೆಳಗಾಂ ಕಡೆಗಾ? ಇದ್ರಲ್ಲಾ? ಏನ್ ಸಾರ್ ನೀವು, ನಂದಗುಡಿಗೆ ಹೋಗಿ ಬರೋಷ್ಟ್ರಲ್ಲೇ ಕೆಮ್ತೈತೆ ಇದು” ಎಂದು ನಕ್ಕ. ನಕ್ಕರೂ ಸಿಲಿಂಡರ್ ಬಿಚ್ಚಿ ಮಸಿ ಕೆರೆದು, ಕ್ಲಚ್ ಪ್ಲೇಟು ಬದಲಾಯಿಸಿಕೊಟ್ಟ. ನಿಮ್ಮ ಡ್ಯಾಮಿನ ಹತ್ತಿರದ್ದು ಮಣ್ಣು ದಾರಿಯಂತಲ್ಲ, ಅದಕ್ಕೆಂದು ಹಿಂದಿನ ಚಕ್ರಕ್ಕೆ ಮಣ್ಣು ಕಚ್ಚಿ ಹಿಡಿಯುವ ಬಟನ್ ಟೈರು ಹಾಕಿಸಿದೆ. ಕ್ಲಚ್ಚಿನ ಹಳೇ ವೈರಿನ ಪಕ್ಕದಲ್ಲೇ ಹೊಸದೊಂದನ್ನು ಎಳೆದು ಕಟ್ಟಿಟ್ಟೆ, ದಾರಿಯಲ್ಲಿ ಕಡಿದರೆ ತುದಿ ಸಿಕ್ಕಿಸಿಕೊಂಡು ಹೋಗಬಹುದು. ದಿನಾ ಕೆಲಸ ಮುಗಿಸಿ ಬಂದು ಅಂಗಳದಲ್ಲಿ ಪಾನಾ ಹಿಡಿದು ಕೂತರೆ ಮತ್ತೆ ಏಳಲು ಸೊಂಟ ಬರುತ್ತಿರಲಿಲ್ಲ. ನಿಮ್ಮಮ್ಮ ನನ್ನನ್ನು ದಾಟಿಕೊಂಡು ಓಡಾಡುತ್ತಿದ್ದಳೇ ಹೊರತು ಒಂದು ಮಾತಿಲ್ಲ. ಆದರೆ ಒಳಗಿನಿಂದ ಮೆಣಸು, ಶುಂಠಿ, ಓಮ ಹುರಿಯುವ ಘಮಲು ಬಂತು. ಬಾಣಂತಿ ಖಾರ ಯಾರಿಗೆ ಎಂದು ಕೇಳಿದರೆ, “ಪಕ್ಕದ್ಮನೆ ಪಾಪಮ್ಮನ ಸೊಸೆಗೆ” ಎಂದಳು. ಪಾಪಮ್ಮನ ಮಗನಿಗೆ ಇನ್ನೂ ಹೆಣ್ಣೇ ಸಿಕ್ಕಿಲ್ಲ. ನಾನು ಇನ್ನೊಂದು ನಟ್ಟು ಬಿಗಿದೆ.

ಎಡವಟ್ಟು ಮಾಡಿದ್ದು ನಿಮ್ಮ ತಾತ. ಜೀವಮಾನವೆಲ್ಲ ಎತ್ತಿನ ಗಾಡಿ ಹೊಡೆದ ಮನುಷ್ಯ, ಗಾಲಿ ಅಂದರೆ ಕೀಲೆಣ್ಣೆ ಅನ್ನುವುದೊಂದೇ ಗೊತ್ತು. ಬ್ರೇಕು ಸರಿಮಾಡಲು ನಾನು ಎರಡೂ ಚಕ್ರ ಬಿಚ್ಚಿ, ಒಳಗಿನ ಡ್ರಮ್ಮು ಉಜ್ಜಿ ಒಣಗಿಸಿ ಗೋಡೆಗೆ ಒರಗಿಸಿದ್ದೆ. ಒಣಗಿದ್ದರೆ ತಾನೇ ಬ್ರೇಕು ಹಿಡಿಯುವುದು! ನಾನು ಸ್ನಾನಕ್ಕೆ ಹೋದಾಗ ಆ ಪುಣ್ಯಾತ್ಮರು ಎತ್ತಿನ ಗಾಡಿಯ ಕೀಲೆಣ್ಣೆ ಡಬ್ಬಿ ತಂದು, ಒಳಗೆಲ್ಲ ಧಾರಾಳವಾಗಿ ಬಳಿದುಬಿಟ್ಟಿದ್ದಾರೆ. ನನಗೇನು ಗೊತ್ತು? ಚಕ್ರ ಹಾಕಿ, ಹೇಗಿದೆ ನೋಡೋಣವೆಂದು ಕೆರೆ ಏರಿಯ ಮೇಲೆ ಹೋದೆ. ಇಳಿಜಾರಿನಲ್ಲಿ ಕುರಿ ಹಿಂಡು ಎದುರಾಯಿತು. ಬ್ರೇಕು ಒತ್ತಿದರೆ ಗಾಡಿಗೆ ಕೇಳಿಸಲೇ ಇಲ್ಲ. ಕುರಿಗಳನ್ನು ತಪ್ಪಿಸಲು ಹೋಗಿ ಕತ್ತಾಳೆ ಪೊದೆಗೆ ಬಿದ್ದೆ.

ಗಾಬರಿಯಾಗಬೇಡ, ಎಡಗೈ ಮಣಿಕಟ್ಟು ಮುರಿದಿದೆ ಅಷ್ಟೆ, ದಬ್ಬೆ ಕಟ್ಟಿದ್ದಾರೆ. ಆದರೆ ಕ್ಲಚ್ಚು ಹಿಡಿಯುವ ಕೈ ಅದೇ. ತಾತ ಎರಡು ದಿನ ಊಟ ಬಿಟ್ಟು ಮೂಲೆ ಹಿಡಿದಿದ್ದರು. “ಮರಿಮಗೂನ ನೋಡಕ್ಕೆ ಅಷ್ಟ್ ದೂರ ಹೋಗೋ ಗಾಲಿ, ಒಣಗೈತಲ್ಲಾ ಅಂತ ಹಚ್ಚಿದ್ನಪ್ಪಾ” ಎಂದು ಅತ್ತಾಗ ನಾನೇ ತಟ್ಟೆಗೆ ಬಡಿಸಿ ಅವರ ಮುಂದಿಟ್ಟೆ. ಗಾಡಿ ಅಂಗಳದಲ್ಲಿ ನಿಂತಿದೆ. ನಿನ್ನ ಹೆರಿಗೆಗೆ ಬರಲು ನನ್ನಿಂದಾಗಲಿಲ್ಲ ಕಣಮ್ಮಾ. ನಿನ್ನನ್ನೂ ನಿಮ್ಮಮ್ಮನನ್ನೂ ಒಂದು ಕಡೆ ಸೇರಿಸಬೇಕೆಂಬ ಒಂದೇ ಆಸೆಯಿತ್ತು, ಅದೂ ಆಗಲಿಲ್ಲ. ನಮ್ಮೂರ ರಾಮಾಂಜಿನಪ್ಪನ ಲಾರಿ ಹುಣಿಸೇಹಣ್ಣು ಹೇರಿಕೊಂಡು ಇವತ್ತು ಬೆಳಗಾವಿ ಕಡೆ ಹೊರಟಿದೆ. ಖಾರದ ಡಬ್ಬಿ, ತುಪ್ಪ, ಹಳೇ ಸೀರೆಯ ಮೆತ್ತನೆ ಬಟ್ಟೆ, ಈ ಕಾಗದ ಎಲ್ಲ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಧೈರ್ಯವಾಗಿರು. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ದೇವರು ಹೆರಿಗೆ ಸುಸೂತ್ರವಾಗಿ ನಡೆಸಿ ತಾಯಿ ಮಗು ಇಬ್ಬರನ್ನೂ ಸುಖವಾಗಿಡಲಿ.

ಇಂತಿ ನಿನ್ನ ಅಪ್ಪ,
ಗೋಪಾಲಪ್ಪ

ತಾ.ಕ.: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಬೇಜಾರಾಗಬೇಡ. ಗಂಟು ಕೊಡಲು ಹೋದರೆ ನಿಮ್ಮಮ್ಮ ಆಗಲೇ ಡ್ರೈವರ್ ಪಕ್ಕದಲ್ಲಿ ಹತ್ತಿ ಕೂತಿದ್ದಾಳೆ! “ಖಾರ ತಿನ್ಸೋ ಹದ ಆ ಹುಡುಗನಿಗೇನ್ ಗೊತ್ತು” ಎಂದು ರಾಮಾಂಜಿನಪ್ಪನಿಗೆ ಹೇಳಿದಳಂತೆ, ನನಗೆ ಅಷ್ಟನ್ನೂ ಹೇಳಲಿಲ್ಲ. ಈ ಕಾಗದವನ್ನು ಅವಳ ಕೈಗೇ ಕೊಡುತ್ತಿದ್ದೇನೆ, ಅವಳಿಗಂತೂ ಓದಲು ಬರುವುದಿಲ್ಲ. ಅವಳು ತಾನಾಗಿ ಮಾತಾಡುವವಳಲ್ಲ, ಕರೆಯದೆ ಹೊಸಲು ದಾಟುವವಳೂ ಅಲ್ಲ. ಇಷ್ಟುದ್ದದ ಕಾಗದ ನೀನು ಓದಿ ಮುಗಿಸುವ ತನಕ ಬಾಗಿಲ ಹೊರಗೆ ನಿಂತೇ ಇದ್ದಾಳೆ. ಮಡಚಿಡು ಮಗಳೇ, ಅಮ್ಮಾ ಅಂತ ಕರಿ.